ಬರ್ಲಿ ಬರ್ಲಿ ಎನ್ನುವ ಕೈ

ಗಾಡಿ ಹಿಂದಕ್ಕೆ ತೆಗೆಯುವವರನ್ನು ಕಂಡರೆ ನಮ್ಮ ಹೊಸಪೇಟೆಯಲ್ಲಿ ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಚಹಾ ಕುಡಿಯುತ್ತಿದ್ದವನೂ ಗ್ಲಾಸು ಇಟ್ಟು ಬಂದು 'ಬರ್ಲಿ, ಬರ್ಲಿ' ಎಂದು ಕೈ ಬೀಸುತ್ತಾನೆ. ಅವನ ಕಣ್ಣು ನೆಟ್ಟಗಿದೆಯೇ ಎಂದು ಯಾರೂ ಕೇಳುವುದಿಲ್ಲ. ನಾನು ಮಾತ್ರ ಆ ಕೂಗು ಕೇಳಿದರೆ ಈಗಲೂ ಮೊದಲು ಗಾಲಿಯ ಕೆಳಗೆ ನೋಡುತ್ತೇನೆ.

ಅನುಮಾನವೇ ನನ್ನ ಕಸುಬು. ದೊಡ್ಡ ಕಂಪ್ಯೂಟರಿನೊಳಗೆ ಬಾಡಿಗೆಗಿರುವ ಸಣ್ಣ ಕಂಪ್ಯೂಟರುಗಳಿವೆ. ವರ್ಚುವಲ್ ಮಷೀನ್ ಎನ್ನುತ್ತಾರೆ. ಅವಕ್ಕೆ ಹೊರಗಿನದೇನೂ ಕಾಣದು. ಹೈಪರ್‌ವೈಸರ್ ಎಂಬ ಯಜಮಾನ 'ಇಷ್ಟು ಜಾಗವಿದೆ' ಎಂದರೆ, ಒಳಗಿನ ಡ್ರೈವರ್ ತಂತ್ರಾಂಶ ನಂಬಿ ನಡೆಯುತ್ತದೆ. ಯಜಮಾನನೇ ಸುಳ್ಳು ಹೇಳಿದರೂ ಕೆಡದಂತೆ ಆ ಡ್ರೈವರುಗಳನ್ನು ಗಟ್ಟಿ ಮಾಡುವುದು ನನ್ನ ಕೆಲಸ. ವಿವರಿಸಿದಾಗ ಅಣ್ಣ ನಕ್ಕಿದ್ದ: "ಅಂದ್ರ ಬಾಡಿಗಿ ಮನ್ಯಾಗ ಕುಂತು ಓನರ್ ಮ್ಯಾಲೆ ಸಂಶಯ ಪಡೋದು. ಅದಕ್ಕ ಪಗಾರ ಬ್ಯಾರೆ ಕೊಡ್ತಾರ?"

ಒಂದು ದಿನ ಬಂಡ್ರಿಯ ನೆಂಟರ ಮನೆಯಲ್ಲಿ ಉಂಡು ಸಂಡೂರಿನ ಗುಡ್ಡದ ದಾರಿಯಲ್ಲಿ ಮರಳುತ್ತಿದ್ದೆವು. ಕಾರು ಅಣ್ಣನ ಕೈಯಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಕಿರಿದಾದ ತಿರುವಿನಲ್ಲಿ ಅದಿರಿನ ಟಿಪ್ಪರ್ ಎದುರಾಯಿತು. ನಾವೇ ಹಿಂದೆ ಸರಿಯಬೇಕು. ಟಿಪ್ಪರಿನವನು ಇಳಿದು ಬಂದು ನಮ್ಮ ಹಿಂದೆ ನಿಂತ. ಅಣ್ಣ ಕಿಟಕಿಯಿಂದ ಒಮ್ಮೆ ಇಣುಕಿದ, ಜಾಗವಿತ್ತು. ಆಮೇಲೆ ಅವನು ನೋಡಿದ್ದು ಕನ್ನಡಿಯಲ್ಲಿ ಬೀಸುತ್ತಿದ್ದ ಆ ಕೈಯನ್ನು ಮಾತ್ರ.

"ಬರ್ರಿ, ಬರ್ರಿ, ಭಾಳ ಜಾಗ ಐತ್ರಿ."

ನನ್ನ ಕಿಟಕಿಯ ಕೆಳಗೆ ರಸ್ತೆ ಮುಗಿಯಿತು. "ಅಣ್ಣಾ, ನಿಂದರ್ಸು!"

"ಸುಮ್ಕಿರಲೇ, ಅಂವ ನೋಡಾಕತ್ತಾನ."

ಹಿಂದಿನ ಗಾಲಿ ಅಂಚಿನಿಂದ ಜಾರಿತು. ಕೆಳಗೆ ಕೆಂಪು ಕೊರಕಲು. ಕಾರು ಓರೆಯಾಗಿ ಅಂಚಿನಲ್ಲೇ ಸಿಕ್ಕಿಕೊಂಡಿತು.

ನಮ್ಮ ಕಸುಬಿನಲ್ಲೂ ಇದೇ ತಪ್ಪು. ಡ್ರೈವರ್ ಒಮ್ಮೆ ಅಳತೆ ಪರೀಕ್ಷಿಸುತ್ತದೆ. ಬಳಸುವಾಗ ಮತ್ತೆ ಯಜಮಾನನನ್ನೇ ಕೇಳುತ್ತದೆ. ಅಷ್ಟರಲ್ಲಿ ಅಳತೆ ಬದಲಾಗಿರುತ್ತದೆ. ಕಂಡದ್ದನ್ನು ತನ್ನಲ್ಲೇ ಬರೆದಿಟ್ಟುಕೊಂಡು, ಪರೀಕ್ಷಿಸಿ, ಅದನ್ನೇ ಬಳಸಬೇಕು. ಒಂದು ಕಡೆ ಸರಿಪಡಿಸುತ್ತೇನೆ, ಇನ್ನೊಂದು ಕಡೆ ಅದೇ ನಂಬಿಕೆ ಕೂತಿರುತ್ತದೆ. ಯಜಮಾನನನ್ನು ಯಾರೂ ಶಂಕಿಸದ ಕಾಲದಲ್ಲಿ ಬರೆದ ಡ್ರೈವರುಗಳು ಅವು. ಮುಗಿಯುವ ಲಕ್ಷಣವಿಲ್ಲ.

ಮುಗಿದರೂ ಏನು? ಆ ದಿನ ನಮ್ಮನ್ನು ಎಳೆಯಲು ಆ ಟಿಪ್ಪರ್ ಬಿಟ್ಟು ಬೇರೆ ಗಾಡಿ ಇರಲಿಲ್ಲ. ನಾನು ರಸ್ತೆಯ ಕಡೆಯ ಬಾಗಿಲಿಂದ ತೆವಳಿ ಹೊರಬಂದೆ. ಅಣ್ಣ ಸ್ಟೀರಿಂಗ್ ಹಿಡಿದು ಒಳಗೇ ಕೂರಬೇಕಾಯಿತು. ಜಾಗವಿದೆ ಎಂದಿದ್ದ ಅದೇ ಕೈ ಕಾರಿಗೆ ಸರಪಳಿ ಬಿಗಿಯಿತು. "ಹೆದರ್ಬ್ಯಾಡ್ರಿ, ನಾ ಅದೀನಿ" ಎಂದ. ಯಜಮಾನನ ಮೋಸಕ್ಕೆ ಬೀಳದಂತೆ ನೋಡಿಕೊಳ್ಳಬಹುದು, ಅವನು ಕೈಬಿಡದಂತೆ ತಡೆಯಲು ನಮ್ಮಲ್ಲಿ ಯಾವ ಉಪಾಯವೂ ಇಲ್ಲ. ಟಿಪ್ಪರಿನವನು ಕೈಬಿಡದೆ ಮೇಲೆಳೆದ, ಅಷ್ಟೇ.

ಮೊನ್ನೆ ಮನೆ ಮುಂದೆ ಕಾರು ಹಿಂದೆ ತೆಗೆಯುತ್ತ ಅಣ್ಣ ಕರೆದ: "ಲೇ, ಹಿಂದ ನಿಂತು ಹೇಳು." ನಿಂತೆ. ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಅದು ರಸ್ತೆಯನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿತ್ತು. ನನ್ನ ಕೈ ಮೇಲೇಳಲಿಲ್ಲ.

"ಅಣ್ಣಾ, ನೀನ ಇಳ್ದು ನೋಡು" ಎಂದೆ.

"ನೀ ಅದಿಯಲ್ಲಲೇ" ಎಂದು ಅವನು ಗೇರ್ ಹಾಕಿದ.