ಅರ್ಧ ಟ್ಯಾಂಕು ಕರೆಂಟು

ಭಗವಂತರಾಯನಿಗೆ ಬರಬೇಕಾದ ಎರಡು ತಿಂಗಳ ಸಂಬಳ, ಒಂಬತ್ತು ಸಾವಿರ ರೂಪಾಯಿ, ಕಗ್ಗದಾಸಪುರದ ಮುನಿಆಂಜನಪ್ಪನವರ ಮನೆಯಿಂದ ಇನ್ನೂ ಬಂದಿಲ್ಲ. 2004ನೇ ಇಸವಿಯ ಬಾಕಿ ಅದು. ಕೊಡುವುದಿಲ್ಲ ಎಂದು ಅವರೇನೂ ಹೇಳಿಲ್ಲ. "ಬ್ಯಾಟರಿಗೆ ಹಿಡ್ಕೊಂಡಿದೀವಿ" ಎಂದಿದ್ದಾರೆ, ಅಷ್ಟೇ. ಭಗವಂತರಾಯ ದೇವರಂಥ ಮನುಷ್ಯ ಎಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಹೊಟ್ಟೆಕಿಚ್ಚಿನ ಆಸಾಮಿ. ಆದರೆ ಹೊಟ್ಟೆಕಿಚ್ಚು ಪಟ್ಟವನ ಸಂಬಳ ಹಿಡಿಯಬಹುದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ.

ಸೇಡಂ ಕಡೆಯ ಹಳ್ಳಿಯಿಂದ ಅವನು ಬಂದು ಮೊದಲು ಸೇರಿದ್ದು ಶಿವಾಜಿನಗರದ ಹಬೀಬನ ಗ್ಯಾರೇಜಿಗೆ. ಎರಡು ವರ್ಷ ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆದ. ಆಮೇಲೆ ಹಬೀಬ್ ಅವನನ್ನು ಹಲಸೂರಿನ ಏರಿನಲ್ಲಿ ಕಾರಿಗೆ ಕೂರಿಸಿ, ಹಿಂದಿನ ಚಕ್ರಕ್ಕೆ ತಾಗಿಸಿ ಒಂದು ಬೆಂಕಿಪೊಟ್ಟಣ ಇಟ್ಟ. ಏರಿನಲ್ಲಿ ನಿಂತ ಕಾರು ಮುಂದಕ್ಕೇ ಹೋಗಬೇಕು. ಕೂದಲೆಳೆಯಷ್ಟು ಹಿಂದೆ ಸರಿದು ಪೊಟ್ಟಣ ಅಪ್ಪಚ್ಚಿಯಾದರೆ ಆ ದಿನ ಚಹಾ ಇಲ್ಲ.

"ಕ್ಲಚ್ಚು ಅಂದ್ರೆ ಜಿರಲೆ ಅಲ್ಲ ಮಿಯಾಂ, ಮೆಟ್ಟಿ ಸಾಯಿಸಕ್ಕೆ. ಆಹಿಸ್ತಾ ಬಿಡು, ಮೆಲ್ಲಗೆ" ಎಂದು ಹಬೀಬ್ ಹೊರಗಿನಿಂದ ಕೂಗುತ್ತಿದ್ದ. ಒಂದು ತಿಂಗಳು ಚಹಾ ಇಲ್ಲದೆ ಕಳೆದ ಮೇಲೆ ಭಗವಂತರಾಯನ ಎಡಗಾಲಿಗೆ ಬುದ್ಧಿ ಬಂತು.

ತೊಂಬತ್ತೆರಡರಲ್ಲಿ ಮುನಿಆಂಜನಪ್ಪನವರ ಮನೆಗೆ ಡ್ರೈವರಾದ. ಅವರದು ಕಗ್ಗದಾಸಪುರ ಹಳ್ಳಿಯಾಗಿದ್ದ ಕಾಲದ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಕಟ್ಟಡ ಎದ್ದು, ಕೋಣೆಕೋಣೆಗೂ ಬಾಡಿಗೆ ಬರುತ್ತಿತ್ತು. ಅಂಥದೊಂದು ಕೋಣೆಯಲ್ಲಿ ಭಗವಂತರಾಯ ಹೆಂಡತಿ ಮಾನಮ್ಮನ ಜೊತೆ ಇದ್ದ. ಮನೆಗೆ ಒಂದು ಹಳೇ ಫಿಯಟ್ ಇತ್ತು. ಚಳಿಗಾಲದ ಬೆಳಿಗ್ಗೆ ಅದರ ಚೋಕನ್ನು ಎಷ್ಟು ಎಳೆಯಬೇಕು, ಯಾವ ಕ್ಷಣಕ್ಕೆ ಬಿಡಬೇಕು ಎನ್ನುವುದು ಅವನೊಬ್ಬನಿಗೇ ಗೊತ್ತು. ಯಜಮಾನರ ಮಗ ಜಗನ್ ಎರಡು ಸಲ ಪ್ರಯತ್ನಪಟ್ಟು, ಪೆಟ್ರೋಲು ಉಕ್ಕಿಸಿ, ಕೊನೆಗೆ "ರಾಯ ಎಲ್ಲಿ? ಕರೀರಿ ಅವನ್ನ" ಎನ್ನುತ್ತಿದ್ದ. ಆ ಒಂದು ಮಾತೇ ಭಗವಂತರಾಯನ ಆಸ್ತಿ. ಕೀಲಿ ಸದಾ ಅವನ ಅಂಗಿಯ ಜೇಬಿನಲ್ಲೇ.

ಯಜಮಾನರು ಯಾವತ್ತೂ ಟ್ಯಾಂಕು ತುಂಬಿಸಿದವರಲ್ಲ. "ತುಂಬ್ಸಿದ್ರೆ ಹುಡುಗ್ರು ಸುತ್ತಾಡಿ ಖಾಲಿ ಮಾಡ್ತವೆ" ಎಂದು ಐದೈದು ಲೀಟರಿಗೇ ದುಡ್ಡು ಕೊಡುತ್ತಿದ್ದರು. ಹಾಗಾಗಿ ಮುಳ್ಳು ಪೂರಾ ಕೆಳಗೆ ಮಲಗಿದ ಮೇಲೂ ಗಾಡಿ ಹದಿನಾಲ್ಕು ಕಿಲೋಮೀಟರು ಓಡುತ್ತದೆಂದು ಅವನು ಕಲಿತ. ಇಳಿಜಾರು ಕಂಡರೆ ನ್ಯೂಟ್ರಲ್. ಹನ್ನೆರಡು ವರ್ಷದಲ್ಲಿ ಒಂದು ದಿನವೂ ನಡುರಸ್ತೆಯಲ್ಲಿ ಪೆಟ್ರೋಲು ಮುಗಿದು ನಿಂತಿರಲಿಲ್ಲ. ಡ್ರೈವರುಗಳ ನಡುವೆ ಇದು ಸಣ್ಣ ಕೀರ್ತಿಯೇನಲ್ಲ.

ಆ ಮನೆಯ ಗೇಟಿನಲ್ಲಿ ಕೂರುತ್ತಿದ್ದವನು ಲಕ್ಷ್ಮಿಕಾಂತ. ಭಗವಂತರಾಯನ ಪಕ್ಕದೂರಿನವನೇ, ನಲವತ್ತು ದಾಟಿದವನು, ಊರಲ್ಲಿ ಎಮ್ಮೆ ಕಾಯ್ದುಕೊಂಡಿದ್ದವನು. ಯಜಮಾನರಿಗೆ ಹೇಳಿ ವಾಚ್‌ಮನ್ ಕೆಲಸ ಕೊಡಿಸಿದ್ದು ಭಗವಂತರಾಯನೇ. ಲಕ್ಷ್ಮಿಕಾಂತ ಅವನನ್ನು ಅಣ್ಣ ಎನ್ನುತ್ತಿದ್ದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

2004ರ ಜೂನ್‌ನಲ್ಲಿ ಜಗನ್‌ನ ಹೆಂಡತಿ ಸುಕನ್ಯ ಬ್ಯಾಟರಿ ಕಾರು ತಂದಳು. ಅವಳು ಸರ್ವಜ್ಞನಗರದ ಶಾಲೆಯೊಂದರಲ್ಲಿ ಟೀಚರು. ದಿನಾ ಮಾವನ ಕೆಲಸ ಮುಗಿದ ಮೇಲೆ ಫಿಯಟ್ ಸಿಗಬೇಕು, ಇಲ್ಲವಾದರೆ ಬಸ್ಸು. ಸಾಕಾಗಿ ತನ್ನದೇ ಹೆಸರಲ್ಲಿ ಸಾಲ ಮಾಡಿ ಕೊಂಡಿದ್ದಳು. ಎರಡು ಬಾಗಿಲಿನ ಪುಟ್ಟ ಗಾಡಿ.

"ಇದೇನಮ್ಮ, ಜಾತ್ರೇಲಿ ಮಾರೋ ಆಟದ ಸಾಮಾನ್ ತರ ಐತೆ" ಎಂದರು ಮುನಿಆಂಜನಪ್ಪ.

"ಪೆಟ್ರೋಲ್ ಕುಡಿಯಲ್ಲ ಮಾವ. ರಾತ್ರಿ ಫೋನ್ ತರ ಚಾರ್ಜಿಗೆ ಹಾಕಿದ್ರೆ ಆಯ್ತು."

ಕಂಪನಿಯವನು ಬಂದು ಒಂದು ಗಂಟೆ ನಿಂತು ವಿವರಿಸಿದ. ಪ್ಲಗ್ಗು ಗೇಟಿನ ಪಕ್ಕದ ಗೋಡೆಯಲ್ಲಿತ್ತು, ಲಕ್ಷ್ಮಿಕಾಂತನ ಕುರ್ಚಿಯ ತಲೆ ಮೇಲೇ. ಹಾಗಾಗಿ ಸುಕನ್ಯ ಅವನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದೂ ಮಾತನ್ನು ಕನ್ನಡದಲ್ಲಿ ಹೇಳಿದಳು. ಭಗವಂತರಾಯ ಹತ್ತು ಹೆಜ್ಜೆ ದೂರದಲ್ಲಿ ಫಿಯಟ್ ತೊಳೆಯುತ್ತಿದ್ದ. ಅವನನ್ನು ಯಾರೂ ಕರೆಯಲಿಲ್ಲ. ಅವನೂ ಹೋಗಲಿಲ್ಲ. ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿ ನೀರಿನ ಸದ್ದು ಜೋರು ಮಾಡಿಕೊಂಡ.

ಸಂಜೆ ಕಾರನ್ನು ತಿರುಗಿಸಿ ಪ್ಲಗ್ಗಿನ ಹತ್ತಿರ ನಿಲ್ಲಿಸುವ ಕೆಲಸ ಲಕ್ಷ್ಮಿಕಾಂತನದಾಯಿತು. ಗೇರಿಲ್ಲ, ಕ್ಲಚ್ಚಿಲ್ಲ. ಸೈಕಲ್ಲು ಹೊಡೆಯುವಾಗಲೇ ಚರಂಡಿಗೆ ಬೀಳುತ್ತಿದ್ದ ಮನುಷ್ಯ ಮೂರನೇ ದಿನಕ್ಕೆ ಒಂದೇ ಕೈಯಲ್ಲಿ ರಿವರ್ಸ್ ತೆಗೆದ. ಕೀಲಿ ಅವನ ಉಡಿದಾರಕ್ಕೆ ಬಂತು.

"ಎಮ್ಮಿಗಿಂತ ಸಸಾರ ಅದ ಅಣ್ಣ" ಎಂದು ನಕ್ಕ. "ಎಮ್ಮಿ ಒದಿತದ, ಇದು ಒದ್ಯಂಗಿಲ್ಲ."

ಅಂದು ರಾತ್ರಿ ಭಗವಂತರಾಯ ರೊಟ್ಟಿಯ ತಾಟನ್ನು ಪಕ್ಕಕ್ಕೆ ಸರಿಸಿದ. ಒಂದು ತಿಂಗಳ ಚಹಾ ಬಿಟ್ಟು ಕಲಿತ ವಿದ್ಯೆಯನ್ನು ಒಂದು ಡಬ್ಬಿ ಕಾರು ಕಸದಂತೆ ಗುಡಿಸಿ ಹಾಕಿತ್ತು. ಮಾನಮ್ಮ ಹಂಚಿನ ಮುಂದೆ ಕೂತೇ ಹೇಳಿದಳು: "ನಿನ್ನ ಹೊಟ್ಟ್ಯಾಗಿನ ಬೆಂಕಿಗೆ ವಾಯರ್ ಹಚ್ಚಿದ್ರ ಮೂರು ಕಾರು ಓಡ್ತಾವ ನೋಡು. ಕರೆಂಟೇ ಬ್ಯಾಡ."

"ನಗ್ಬ್ಯಾಡ. ಅವ್ನಿಗಿ ಕೆಲ್ಸ ಕೊಡಿಸ್ದಾಂವ ನಾ."

"ಹಂಗಾದ್ರ ಹೋಗಿ ಅವ್ನ ಕಡಿಂದ ಕಲಿ. ನಾಳಿ ಫಿಯಟ್ ಮಾರಿದ್ರ ಏನ್ ಮಾಡ್ತಿ?"

ಅದು ಬರೀ ಮಾತಾಗಿರಲಿಲ್ಲ. ಜಗನ್ ಆಗಲೇ ಅಪ್ಪನ ಕಿವಿ ಕಚ್ಚುತ್ತಿದ್ದ: "ಪೆಟ್ರೋಲ್ ರೇಟ್ ನೋಡಿದೀರಾಪ್ಪ? ಗಿರಾಕಿ ಬಂದ್ರೆ ಫಿಯಟ್ ಕೊಟ್ಬಿಡೋಣ." ಫಿಯಟ್ ಹೋದರೆ ಡ್ರೈವರಿಗೇನು ಕೆಲಸ? ಉಳಿಯಬೇಕಾದರೆ ಆ ಹೊಸ ಕೀಲಿ ತನ್ನ ಜೇಬಿಗೆ ಬರಬೇಕು. ಇದು ಭಗವಂತರಾಯನಿಗೆ ಸ್ಪಷ್ಟವಿತ್ತು. ಸುಮ್ಮನೆ ಹೋಗಿ ಕೇಳಬಹುದಿತ್ತು. ಕೇಳಲು ಲಕ್ಷ್ಮಿಕಾಂತನ ಕುರ್ಚಿಯ ಮುಂದೆ ನಿಲ್ಲಬೇಕಿತ್ತು. ಅದೊಂದು ಅವನಿಂದ ಆಗಲಿಲ್ಲ.

ಆಗಸ್ಟ್‌ನಲ್ಲಿ ಸಂದರ್ಭ ತಾನಾಗಿ ಒದಗಿತು. ಫಿಯಟ್ಟಿನ ಕ್ಲಚ್ ಪ್ಲೇಟ್ ಸವೆದು ಹಬೀಬನ ಗ್ಯಾರೇಜಿನಲ್ಲಿತ್ತು. ಸುಕನ್ಯ ಎರಡು ದಿನಕ್ಕೆ ತವರಿಗೆ ಹೋಗಿದ್ದಳು. ಯಜಮಾನರು ಒಂದು ಸೈಟಿನ ನೋಂದಣಿಗೆ ಕೃಷ್ಣರಾಜಪುರಕ್ಕೆ ಹೋಗಲೇಬೇಕಿತ್ತು. "ಆ ಡಬ್ಬೀನೇ ತಗಿಯಪ್ಪಾ ರಾಯ" ಎಂದರು.

ಲಕ್ಷ್ಮಿಕಾಂತ ಕೀಲಿ ಬಿಚ್ಚಿಕೊಟ್ಟ. "ನಿನ್ನಿ ರಾತ್ರಿ ಕರೆಂಟ್ ಇರ್ಲಿಲ್ಲಣ್ಣ. ಮುಳ್ಳು ಅರ್ಧಕ್ಕೇ ಅದ. ಕಾಲು ಭಾಗಕ್ಕ ಇಳಿಯೂದ್ರಾಗ ಮನಿಗಿ ತಂದು ಹಚ್ಚಬೇಕಂತ ಅಕ್ಕೋರು ಹೇಳ್ಯಾರ."

"ಅರ್ಧ ಟ್ಯಾಂಕಿನಾಗ ನಾ ಕೋಲಾರಕ್ಕ ಹೋಗಿ ಬಂದೀನಲೇ. ಗೇಟು ತೆಗಿ."

"ಟ್ಯಾಂಕ್ ಅಲ್ಲಣ್ಣ ಅದು..."

"ಗೇಟು."

ರಸ್ತೆಗೆ ಇಳಿದ ಮೇಲೆ ಅವನ ಎಡಗಾಲು ಅರ್ಧ ದಾರಿ ಕ್ಲಚ್ಚು ಹುಡುಕಿತು. ಪ್ರತಿ ಸಿಗ್ನಲ್ಲಿಗೂ ಬರೀ ನೆಲ ಒತ್ತಿತು. ಆದರೆ ಗಾಡಿ ಬೆಣ್ಣೆಯ ಮೇಲೆ ಚಾಕು ಆಡಿದ ಹಾಗೆ ಹೋಗುತ್ತಿತ್ತು. ಹೊಗೆಯಿಲ್ಲ, ನಡುಕವಿಲ್ಲ. ಯಜಮಾನರು ಹತ್ತು ನಿಮಿಷಕ್ಕೇ ತೂಕಡಿಸಿದರು. ಭಗವಂತರಾಯನಿಗೆ ಗಾಡಿ ಇಷ್ಟವಾಯಿತು. ಇಷ್ಟವಾದದ್ದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು. ಇಂಥದ್ದನ್ನು ಎಮ್ಮೆ ಕಾಯುವವನ ಉಡಿದಾರಕ್ಕೆ ಕಟ್ಟುವುದೇ?

ಕೃಷ್ಣರಾಜಪುರದ ನೋಂದಣಿ ಕಚೇರಿಯವರು ಮೂರು ಗಂಟೆಗೆ ಬನ್ನಿ ಎಂದರು. ಯಜಮಾನರು ಮನೆಗೆ ಹೋಗಿ ಊಟ ಮಾಡಿ ಬರೋಣ ಎಂದರು. ಮನೆಗೆ ಹೋದರೆ ಲಕ್ಷ್ಮಿಕಾಂತ ಪ್ಲಗ್ಗು ಹಿಡಿದು ನಿಂತಿರುತ್ತಾನೆ. "ಶಿವಾಜಿನಗರಕ್ಕ ಹೋಗಿ ಫಿಯಟ್ ಆಗ್ಯಾದೇನು ನೋಡ್ಕೊಂಡು ಬರೂಣ್ರೀ, ಊಟಾನೂ ಅಲ್ಲೇ ಆಗ್ತದ" ಎಂದ ಭಗವಂತರಾಯ.

ಗ್ಯಾರೇಜಿನಲ್ಲಿ ಹಬೀಬ್ ಮುಂದಿನ ಬಾನೆಟ್ ಎತ್ತಿ ನೋಡಿ ತಲೆ ಕೆರೆದುಕೊಂಡ. "ಇಂಜಿನ್ ಕಹಾಂ ಹೈ ರಾಯಾ? ಕಾರ್ಬೊರೇಟರ್ ಇಲ್ಲ, ಸೈಲೆನ್ಸರ್ ಇಲ್ಲ. ಇದು ಊರೆಲ್ಲಾ ಬಂದ್ರೆ ನಾನು ಬಿರಿಯಾನಿ ಅಂಗಡಿ ಇಡ್ಬೇಕು." ಆಮೇಲೆ ಒಳಗೆ ಬಗ್ಗಿ, "ಮುಳ್ಳು ಕೆಳಗಿದೆ ನೋಡು. ಇಲ್ಲೇ ವೈರ್ ಎಳಿತೀನಿ, ಎರಡು ಗಂಟೆ ಬಿಡು" ಎಂದ.

"ಬ್ಯಾಡ. ರಿಜರ್ವ್ ಇರ್ತದ" ಎಂದ ಭಗವಂತರಾಯ. ಮನಸ್ಸಿನಲ್ಲಿ ಲೆಕ್ಕ ನಡೆದಿತ್ತು: ಅಕ್ಕೋರಿಗಿಂತ, ಆ ವಾಚ್‌ಮನ್‌ಗಿಂತ, ಅರ್ಧ ಮುಳ್ಳಿನಲ್ಲಿ ತಾನು ಹೆಚ್ಚು ದೂರ ಓಡಿಸಿ ತೋರಿಸಿದರೆ ಕೀಲಿ ಯಾರಿಗೆ ಸೇರಬೇಕು ಎಂಬುದು ಯಜಮಾನರಿಗೇ ಗೊತ್ತಾಗುತ್ತದೆ.

ವಾಪಸು ಬರುವಾಗ ಹಳೇ ಮದ್ರಾಸ್ ರಸ್ತೆಯಲ್ಲಿ ಮುಳ್ಳು ಕೆಂಪಿಗೆ ಇಳಿಯಿತು. ಪೆಟ್ರೋಲು ಮುಗಿಯುವಾಗ ಗಾಡಿ ಕೆಮ್ಮುತ್ತದೆ, ಜರ್ಕು ಹೊಡೆಯುತ್ತದೆ, ಡ್ರೈವರಿಗೆ ಎಚ್ಚರಿಕೆ ಕೊಡುತ್ತದೆ. ಇದು ಏನೂ ಹೇಳಲಿಲ್ಲ. ಕೃಷ್ಣರಾಜಪುರದ ತೂಗುಸೇತುವೆಯ ಏರಿನಲ್ಲಿ ದಣಿದ ಮುದುಕನಂತೆ ನಿಧಾನವಾಗಿ, ನಿಧಾನವಾಗಿ, ನಿಂತೇಬಿಟ್ಟಿತು. ಹಿಂದೆ ಬಸ್ಸುಗಳು ಬೊಬ್ಬೆ ಹೊಡೆದವು.

"ಏನಾಯ್ತೋ?" ಯಜಮಾನರು ಎಚ್ಚೆತ್ತರು. "ಲಕ್ಷ್ಮಿಕಾಂತಂಗೆ ಫೋನ್ ಮಾಡ್ಲಾ?"

"ಬ್ಯಾಡ್ರೀ ಯಜಮಾನ್ರೆ. ಅಂವಾ ಏನ್ ಮಾಡ್ತಾನ? ಕಾದದ, ಆರಲಿ."

ಹತ್ತು ನಿಮಿಷ ಬಿಟ್ಟು ಮೆಟ್ಟಿದರೆ ಗಾಡಿ ಹೊರಟಿತು! "ನೋಡ್ರೀ, ರಿಜರ್ವು!" ಎಂದು ಕೂಗಿದ. ನೂರು ಮಾರು ಹೋಗಿ ಮತ್ತೆ ನಿಂತಿತು. ಮತ್ತೆ ಕಾದ, ಮತ್ತೆ ಮೆಟ್ಟಿದ, ಐವತ್ತು ಮಾರು. ಮತ್ತೆ. ಮತ್ತೆ. ಸತ್ತ ಬ್ಯಾಟರಿಯಿಂದ ಕೊನೆಯ ಜೀವ ಹಿಂಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ. ಲಕ್ಷ್ಮಿಕಾಂತನಿಗೆ ಗೊತ್ತಿತ್ತು. ಆದರೆ ಫೋನು ಮಾಡುವಂತಿರಲಿಲ್ಲವಲ್ಲ.

ಪಕ್ಕದಲ್ಲಿ ತೆವಳುತ್ತಿದ್ದ ಬಸ್ಸಿನ ಕಂಡಕ್ಟರು ತಲೆ ಹೊರಹಾಕಿದ: "ಏನ್ ಗುರು, ಸೆಲ್ ವೀಕಾಯ್ತಾ? ಅಂಗ್ಡೀಲಿ ಎರಡು ತಗೊಂಡ್ ಹಾಕು!" ಬಸ್ಸಿಗೆ ಬಸ್ಸೇ ನಕ್ಕಿತು. ನಾಲ್ಕೂವರೆಯಾಗಿತ್ತು. ನೋಂದಣಿಯ ಹೊತ್ತು ಮೀರಿತ್ತು. ಮುನಿಆಂಜನಪ್ಪ ತಾವೇ ಲಕ್ಷ್ಮಿಕಾಂತನಿಗೆ ಫೋನು ಮಾಡಿದರು.

ಲಕ್ಷ್ಮಿಕಾಂತ ಒಂದು ಟೆಂಪೋ ಹಿಡಿದು ಹಗ್ಗ ತಂದ. ನಗಲಿಲ್ಲ, ಚುಚ್ಚಲಿಲ್ಲ. "ಅಣ್ಣ, ನೀ ಸ್ಟೀರಿಂಗ್ ಹಿಡಿ, ನಾ ಹಗ್ಗ ಕಟ್ತೀನಿ" ಎಂದ. ಬೈದಿದ್ದರೆ ಭಗವಂತರಾಯ ತಡೆದುಕೊಳ್ಳುತ್ತಿದ್ದ. ಆ ಮರ್ಯಾದೆಯನ್ನು ಮಾತ್ರ ತಡೆಯಲಾಗಲಿಲ್ಲ.

ಖಾಲಿಯಾದ ಮೇಲೂ ಎಳೆದು ಎಳೆದು ಎರಡು ಬ್ಯಾಟರಿ ಸತ್ತಿವೆ ಎಂದು ಕಂಪನಿಯವನು ಹೇಳಿದ. ತವರಿನಿಂದ ಬಂದ ಸುಕನ್ಯ ಅಂಗಳದಲ್ಲೇ ಕೇಳಿದಳು.

"ನಾನು ಎಲ್ಲಾ ಹೇಳಿದ್ನಲ್ಲ, ಖಾಲಿ ಮಾಡ್ಬಾರ್ದು ಅಂತ?"

"ಯಾರಿಗಿ ಹೇಳಿದ್ರಿ ಅಕ್ಕೋರೆ?"

"ಲಕ್ಷ್ಮಿಕಾಂತಂಗೆ."

"ನಾ ಅಲ್ಲೇ ಹತ್ತು ಹೆಜ್ಜಿ ದೂರದಾಗ ನಿಂತಿದ್ನಲ್ರೀ. ಹನ್ನೆರಡು ವರ್ಷ ಈ ಮನಿ ಗಾಡಿ ಹೊಡ್ದೀನಿ. ಒಂದು ಮಾತು, ರಾಯ ಬಾ ಇಲ್ಲಿ ಅಂದಿದ್ರ?"

ಸುಕನ್ಯಳಿಗೂ ಸಿಟ್ಟು ಬಂತು. "ನೀವು ನಲ್ಲಿ ಜೋರ್ ಮಾಡ್ಕೊಂಡು ಬೆನ್ನು ತಿರುಗಿಸಿ ನಿಂತಿದ್ರಿ ರಾಯರೇ. ನಾನ್ ನೋಡ್ದೆ. ಹೋಗ್ಲಿ, ಗಾಡಿ ತೆಗೆಯೋವಾಗ ಲಕ್ಷ್ಮಿಕಾಂತ ಹೇಳಿದ್ದನ್ನಾದ್ರೂ ಕೇಳ್ಬಹುದಿತ್ತಲ್ಲ?"

ಇಬ್ಬರ ಮಾತೂ ನಿಜ. ಬ್ಯಾಟರಿಯ ಲೆಕ್ಕಕ್ಕೆ ಜಗನ್ ಭಗವಂತರಾಯನ ಎರಡು ತಿಂಗಳ ಸಂಬಳ ಹಿಡಿದ. ತಿಂಗಳೊಳಗೆ ಫಿಯಟ್ ಮಾರಾಟವಾಯಿತು, ಅದರೊಂದಿಗೆ ಅವನ ಕೆಲಸವೂ ಹೋಯಿತು.

ಈಗ ಅವನು ಕೃಷ್ಣರಾಜಪುರದ ಮಾರ್ಕೆಟ್ಟಿನಲ್ಲಿ ಅಮೃತಪ್ಪನ ತರಕಾರಿ ಟೆಂಪೋ ಹೊಡೆಯುತ್ತಾನೆ. ಒಂದು ದಿನ ಆ ಪುಟ್ಟ ಕಾರು ಸದ್ದಿಲ್ಲದೆ ಬಂದು ಪಕ್ಕಕ್ಕೆ ನಿಂತಿತು. ಒಳಗೆ ಲಕ್ಷ್ಮಿಕಾಂತ. ಬಿಳಿ ಅಂಗಿ ಹಾಕಿದ್ದ, ಲೈಸನ್ಸು ಮಾಡಿಸಿಕೊಂಡಿದ್ದ, ಸಂಬಳವೂ ಐನೂರು ಹೆಚ್ಚಾಗಿತ್ತು. ಕೆಳಗಿಳಿದು ಬಾಗಿಲು ತೆರೆದು ಹಿಡಿದ. "ಕೂಡು ಬಾ ಅಣ್ಣ. ಒಂದು ಸುತ್ತು ಹೊಡಿ. ನಾ ಹೇಳಿಕೊಡ್ತೀನಿ, ಏನೂ ಇಲ್ಲ ಇದ್ರಾಗ."

ಭಗವಂತರಾಯ ಸೀಟನ್ನು ನೋಡಿದ. ಮುಳ್ಳನ್ನು ನೋಡಿದ. ಆ ಸೀಟಿನಲ್ಲಿ ಕೂರಲು ಅವನ ಮೈಯೆಲ್ಲಾ ಹಾತೊರೆಯಿತು. "ನಿನ್ನ ಕಡಿಂದ ಕಲಿಯೂ ಗತಿ ಬಂದಿಲ್ಲ ಹೋಗಲೇ" ಎಂದು ಕೊತ್ತಂಬರಿ ಮೂಟೆಗೆ ಹೆಗಲು ಕೊಟ್ಟ.

ಮೂರ್ಖ ಎನ್ನಿ, ಅಡ್ಡಿಯಿಲ್ಲ. ಆದರೆ ಓದುತ್ತಿರುವ ನಿಮ್ಮ ಮನೆಗೂ ಇಂಥ ಗಾಡಿ ಬರುತ್ತದೆ, ಇಂದಲ್ಲ ನಾಳೆ. ಕಂಪನಿಯವನು ಬಂದು ಬಾಗಿಲು ತೆರೆದ ದಿನ ನಿಮ್ಮ ಹಳೇ ಡ್ರೈವರು ನಲ್ಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿರುತ್ತಾನೆ. ನೀವೇ ಎದ್ದು ಆ ಹತ್ತು ಹೆಜ್ಜೆ ನಡೆಯಿರಿ. ನಲ್ಲಿ ನಿಲ್ಲಿಸಿ. ಹೆಸರು ಹಿಡಿದು ಕರೆದು, ಎಲ್ಲರಿಗಿಂತ ಮೊದಲು ಅವನನ್ನು ಸ್ಟೀರಿಂಗಿನ ಮುಂದೆ ಕೂರಿಸಿ.