ವೈನಿಗೆ ಕುಸುಬಿ ಎಣ್ಣೆ

...ಎಣ್ಣೆಯ ಮಾತು ತೆಗೆದವರು ಪಕ್ಕದ ಮನೆಯ ಅಕ್ಕನೇ ಇರಬಹುದೇ? ಹಾಗೆಂದು ನೆನೆಯಲು ಎಷ್ಟು ಸಲ ಯತ್ನಿಸಿದರೂ ನನ್ನ ಧ್ವನಿಯೇ ಕೇಳುತ್ತದೆ.

ವಾಡಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದಲ್ಲಿದ್ದ ಆ ಕ್ರೈಸ್ತ ಅಕ್ಕ, ಹೊಸ ಬೀಗರು ಕ್ರಿಸ್‌ಮಸ್‌ಗೆ ಬರುತ್ತಾರೆಂದು ದ್ರಾಕ್ಷಿ ವೈನ್ ಹಾಕಿದ್ದರು. ಭರಣಿಯ ಮುಚ್ಚಳದಿಂದ ಹೊರಟ ರಬ್ಬರ್ ಕೊಳವೆಯ ತುದಿ ಒಂದು ಸೀಸೆಯ ನೀರಿನಲ್ಲಿ ಮುಳುಗಿತ್ತು. ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರಬೇಕು, ಹೊರಗಿನದು ಒಳಹೋಗಬಾರದು.

"ನೀರ್ಯಾಕ್ರಿ ಅಕ್ಕಾ, ಆರಿ ಹೋಗ್ತದ. ಉಪ್ಪಿನಕಾಯಿ ಮ್ಯಾಲ ಹಾಕ್ದಂಗ ಕುಸುಬಿ ಎಣ್ಣಿ ಹಾಕ್ರಿ" ಎಂದೆ.

"ಒಂದ್ ಗುಟುಕೂ ಕುಡೀದಾಕಿ ನನಗ ಕಲಿಸ್ಲಿಕತ್ತಾಳ ನೋಡು!" ಎಂದು ನಗುತ್ತಲೇ ಅವರು ನೀರು ಚೆಲ್ಲಿ ಎಣ್ಣೆ ಸುರಿದರು.

ರಾತ್ರಿಯ ಚಳಿಗೆ ಭರಣಿ ತಣ್ಣಗಾಗಿ, ಒಳಗಿನ ಗಾಳಿ ಕುಗ್ಗಿ, ಸೀಸೆಯಲ್ಲಿದ್ದದ್ದನ್ನು ಕೊಳವೆಯಿಂದ ಒಳಗೆಳೆದುಕೊಂಡಿತು. ಬೆಳಿಗ್ಗೆ ವೈನಿನ ಮೇಲೆ ಎಣ್ಣೆ ತೇಲುತ್ತಿತ್ತು. ನೀರಾಗಿದ್ದರೆ ತುಸು ಸಪ್ಪಗಾಗುತ್ತಿತ್ತು, ಅಷ್ಟೇ. ಈಗ ಇಡೀ ಭರಣಿ ಕುಸುಬಿ ವಾಸನೆ ಹೊಡೆಯುತ್ತಿತ್ತು.

"ಹೋಗ್ಲಿ ಬಿಡವಾ, ಬೀಗರಿಗಿ ಶರಬತ್ ಕೊಡಮು" ಎಂದರು ಅಕ್ಕ.

ನನ್ನಿಂದ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಚಳಿಯನ್ನು ಬೈದೆ. ಮರುವರ್ಷ ಅವರ ಭರಣಿ ನನ್ನ ಕಣ್ಣಿಗೆ ಬೀಳಲಿಲ್ಲ. ಬೇಕೆಂದೇ ಬಚ್ಚಿಟ್ಟಿದ್ದರೋ, ಆ ವರ್ಷ ವೈನ್ ಹಾಕಲೇ ಇಲ್ಲವೋ, ನನಗೆ ಗೊತ್ತಿಲ್ಲ.