ಹೊಸ ಪ್ಲೇಟಿನ ಅವಸರದ ಹಾಡು

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಿಮ್ಮಜ್ಜ ತೀರಿಕೊಂಡ ಮರುವರ್ಷ, ಅವರು ದಿನಾಲೂ ಹಚ್ಚುತ್ತಿದ್ದ ಭಜನೆಯ ಗ್ರಾಮೊಫೋನ್ ಪ್ಲೇಟು ನನ್ನ ಕೈಯಿಂದಲೇ ಜಾರಿ ಒಡೆಯಿತು. ಆ ಹಾಡನ್ನು ಮತ್ತೆ ಮನೆಯಲ್ಲಿ ಕೇಳಲೇಬೇಕೆಂದು ಹಟ ಹಿಡಿದೆ. ಅದನ್ನೇ ಹೊಸದಾಗಿ ಅಚ್ಚು ಹಾಕಿದ ಪ್ಲೇಟು ಕೊಲ್ಹಾಪುರದ ಅಂಗಡಿಗೆ ಬಂದಿದೆ ಎಂದು ತಿಳಿಯಿತು. ತಂದುಕೊಡುತ್ತೇನೆ ಎಂದಿದ್ದ ಮೈದುನ ಒಂದು ವಾರಪತ್ರಿಕೆ ಓದಿ ಮನಸ್ಸು ಬದಲಿಸಿದ.

“ವೈನಿ, ಹೊಸಾ ಪ್ಲೇಟಿನ್ಯಾಗ ಜೀವಾನ ಇಲ್ಲಂತ ಬರದಾರ. ನಮ್ಮಂಥಾ ಡಬ್ಬಿ ಮಿಷಿನ್ ಇದ್ದವರು ಸುಮ್ನ ರೇಡಿಯೋ ಕೇಳಬೇಕಂತ.”

“ಡಬ್ಬಿ ನಂದು, ಕಿವಿನೂ ನಂದು. ನಾನ ಹೊಕ್ಕೇನಿ,” ಎಂದೆ.

ತವರೂರು ಮಹಾಗಾಂವದ ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳಲೂ ಹೆದರುತ್ತಿದ್ದವಳು ನಾನು. ಗಂಡನ ಮನೆಯಿದ್ದ ಇಚಲಕರಂಜಿಯಿಂದ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು.

ಅಂಗಡಿಯವರು ಹೊಸ ಪ್ಲೇಟು ಹಚ್ಚಿದರು. ದನಿ ತೀರ ಎತ್ತರ, ಹಾಡು ಬಸ್ಸು ತಪ್ಪೀತೆಂಬಂತೆ ಓಡುತ್ತಿತ್ತು.

“ನಮ್ಮ ಮನ್ಯಾಗಿಂದು ಹಿಂಗ ಓಡತಿರಲಿಲ್ಲರಿ,” ಎಂದುಬಿಟ್ಟೆ.

ಅಲ್ಲೇ ಕುಳಿತಿದ್ದ ಕನ್ನಡಕದ ಹಿರಿಯರೊಬ್ಬರು ಎದ್ದರು. ಪತ್ರಿಕೆಯಲ್ಲಿ ಬರೆದವರು ಅವರೇ. “ನೋಡ್ರಿ, ಈ ಅಕ್ಕಾರಿಗೂ ತಿಳೀತು! ನಾ ಬರದದ್ದೂ ಇದನ್ನ.” ಅದೇ ಹಾಡಿನ ಹಳೆಯ ಪ್ಲೇಟನ್ನು ಚೀಲದಿಂದ ತೆಗೆದು, ಮಗುವನ್ನು ತೋರಿಸುವಂತೆ ತೋರಿಸಿದರು.

ನಾನು ಕೇಳಿದೆ: “ಹಂಗಾರ ನಿಮ್ದೂ ಒಮ್ಮೆ ಹಚ್ಚಿಸ್ರಿ, ಸಾಹೇಬ್ರ.”

ಹಚ್ಚಿಸಿದರು. ಗರಗರ ಸದ್ದು ಹೆಚ್ಚು, ಅಷ್ಟೇ. ಹಾಡು ಅಷ್ಟೇ ಎತ್ತರ, ಅಷ್ಟೇ ಓಟ. ಆಗ ಹೊಳೆಯಿತು. ನಮ್ಮ ಮನೆಯ ಗೋಡೆಯಾಚೆಯೇ ಕರೆಂಟಿನ ಮಗ್ಗಗಳ ಶೆಡ್ಡು. ಮಗ್ಗಗಳು ಓಡುವಾಗ ಕರೆಂಟಿನ ಜೋರು ಇಳಿಯುತ್ತಿತ್ತು, ದೀಪ ಮಂಕಾಗುತ್ತಿತ್ತು, ನಮ್ಮ ಮಿಷಿನ್ನೂ ನಿಧಾನವಾಗಿ ತಿರುಗುತ್ತಿತ್ತು. ಅಷ್ಟು ವರ್ಷ ನಾವು ಕೇಳಿದ್ದು ಆ ನಿಧಾನದ ಹಾಡನ್ನು.

“ಎರಡೂ ಒಂದ ಅದಾವ್ರಿ. ತಪ್ಪು ನಮ್ಮ ಮನಿ ಕರೆಂಟಿಂದು,” ಎಂದೆ.

ಅಂಗಡಿಯವರು ನಕ್ಕರು. ಹಿರಿಯರು ನಗಲಿಲ್ಲ. “ಮೊದಲ ಚಲೋ ಮಿಷಿನ್ ತಗೋರಿ, ಅಕ್ಕಾರ. ಅಂಥಾದ್ರಾಗ ಕೇಳೂದಂದ್ರ ಹಾಡಿಗೆ ಅವಮಾನ.”

“ನಮ್ಮ ಮನಿಯವ್ರು ಅದರಾಗ ಕೇಳಿ ಕೈ ಮುಗೀತಿದ್ರು. ಅವಮಾನ ಹೆಂಗಾದೀತ್ರಿ?” ಎಂದು ಅಂಗಡಿಯವರ ಕಡೆ ತಿರುಗಿದೆ. “ಹೊಸಾದ್ದ ಕಟ್ಟಿಕೊಡ್ರಿ.”

ಮನೆಗೆ ಬಂದಾಗ ಮಗ್ಗದ ಪಾಳಿ ಇನ್ನೂ ನಡೆದಿತ್ತು. ಸಂಗತಿಯೆಲ್ಲ ಕೇಳಿದ ಮೈದುನ, “ಮಗ್ಗ ನಿಂತ ಮ್ಯಾಲ ಹಚ್ಚೂಣು ವೈನಿ, ಆಗ ಖರೇ ದನಿ ಬರತೈತಿ,” ಎಂದ.

ನಾನು ಕಾಯಲಿಲ್ಲ. ಸೂಜಿ ಇಟ್ಟೆ. ದನಿ ಇಳಿದು, ಭಾರವಾಗಿ, ನಿಮ್ಮಜ್ಜ ಕೇಳುತ್ತಿದ್ದ ಹಾಗೆಯೇ ಬಂತು. ಹಾಡು ಮುಗಿಯುವ ತನಕ ಮೈದುನ ಬಾಗಿಲು ಬಿಟ್ಟು ಕದಲಲಿಲ್ಲ.

“ಇನ್ನೊಮ್ಮೆ ಹಚ್ರಿ,” ಎಂದ.